ಹಳೇ ಸ್ಪೋರ್ಟ್ ಎಟಿವಿಯನ್ನು ಕಡಿಮೆ ಖರ್ಚಿನಲ್ಲಿ ಕಾಡುದಾರಿಗೆ ಸಜ್ಜು ಮಾಡುವುದು ಹೇಗೆ? ಹೋಂಡಾ 400ಇಎಕ್ಸ್ ಮೇಲೆ ನಾನು ಮಾಡಿದ ಪೂರ್ತಿ ಕೆಲಸ

ಹಳೇ ಎಟಿವಿ (ದಪ್ಪ ಟೈರಿನ, ನಾಲ್ಕು ಚಕ್ರದ ಕಾಡುದಾರಿ ಗಾಡಿ) ತಂದವರು ಸಾಮಾನ್ಯವಾಗಿ ಮೊದಲು ಬದಲಿಸುವುದು ಸೈಲೆನ್ಸರ್. ನಾನೂ ಅದನ್ನೇ ಮಾಡಿದ್ದೆ. ಸದ್ದು ಚೆನ್ನಾಗಿ ಬಂತು. ಎರಡನೇ ಸಲ ವೆಸ್ಟ್ ವರ್ಜೀನಿಯಾಗೆ ಕರೆದುಕೊಂಡು ಹೋದಾಗ ಹಿಂದಿನ ಆಕ್ಸಲ್‌ನ ಬೇರಿಂಗ್ ಪುಡಿಪುಡಿಯಾಯಿತು. ಚಕ್ರ ಓಲಾಡಿ ಬ್ರೇಕ್ ಡಿಸ್ಕು, ಅದನ್ನು ಹಿಡಿಯುವ ಕ್ಯಾಲಿಪರ್‌ಗೆ ಉಜ್ಜತೊಡಗಿತು. ಗುರುತಿಲ್ಲದ ಇಬ್ಬರು ಪುಣ್ಯಾತ್ಮರು ಹಗ್ಗ ಕಟ್ಟಿ, ಬೆಟ್ಟದ ದಾರಿಯಲ್ಲಿ ನಿಧಾನಕ್ಕೆ ಎಳೆದು ತಂದು ಪಾರ್ಕಿಂಗ್ ಜಾಗ ಮುಟ್ಟಿಸಿದರು, ಅಷ್ಟರಲ್ಲಿ ಕತ್ತಲಾಗಿತ್ತು. ಆ ಬೇರಿಂಗ್ ಮತ್ತು ಸೀಲಿಗೆ ಸೇರಿ 35 ಡಾಲರ್. ಸೈಲೆನ್ಸರ್‌ಗೆ ಕೊಟ್ಟಿದ್ದು ಅದರ ಆರು ಪಟ್ಟು.

ಹಾಗಾಗಿ ಕೈಯಲ್ಲಿ ದುಡ್ಡು ಕಡಿಮೆ ಇರುವಾಗ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ, ಯಾವುದು ಬೇಡವೇ ಬೇಡ ಅನ್ನುವ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ನಾನು ಇರುವುದು ಒಹಾಯೋದ ಕೊಲಂಬಸ್‌ನಲ್ಲಿ, ಊರು ಸಕಲೇಶಪುರದ ಕಡೆ. ಇಲ್ಲಿಂದ ಮೂರು ಗಂಟೆ ದಕ್ಷಿಣಕ್ಕೆ ಹೋದರೆ ವೆಸ್ಟ್ ವರ್ಜೀನಿಯಾದ ಎಟಿವಿ ದಾರಿಗಳ ಜಾಲವಾದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್ ಸಿಗುತ್ತದೆ. 2000ದಲ್ಲಿ ಶುರುವಾಗಿದ್ದು, ಈಗ ಸಾವಿರ ಮೈಲಿಗಿಂತ ಜಾಸ್ತಿ ದಾರಿಗಳಿವೆ. ಕಲ್ಲಿದ್ದಲ ಬೆಟ್ಟಗಳು, ಕೆಸರು, ಬೇರು, ಚಪ್ಪಡಿಕಲ್ಲು. ಮಳೆ ಬಂದ ಮಾರನೇ ದಿನ ಥೇಟ್ ನಮ್ಮ ತೋಟದ ಜೀಪ್ ರಸ್ತೆಯ ಹಾಗೇ ಇರುತ್ತದೆ.

ಯಾವ ಗಾಡಿ

ನನ್ನದು 2003ರ ಹೋಂಡಾ ಟಿಆರ್‌ಎಕ್ಸ್ 400ಇಎಕ್ಸ್. ಈ ಮಾಡೆಲ್ ಮೊದಲು ಬಂದಿದ್ದು 1999ರಲ್ಲಿ. 397 ಸಿಸಿ, ಒಂದೇ ಸಿಲಿಂಡರ್, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಕಾರ್ಬುರೇಟರ್, ಐದು ಗೇರು, ಕೈ ಕ್ಲಚ್, ಸೆಲ್ಫ್ ಸ್ಟಾರ್ಟ್. ರೇಡಿಯೇಟರ್ ಇಲ್ಲ, ಕಂಪ್ಯೂಟರ್ ಇಲ್ಲ. ಮನೆಯ ಗ್ಯಾರೇಜಿನಲ್ಲಿ ಕೂತು ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಯಮಾಹಾ ರಾಪ್ಟರ್ 660, ಸುಜುಕಿ ಎಲ್‌ಟಿ-ಝಡ್400 ಕೂಡ ಒಳ್ಳೆಯ ಗಾಡಿಗಳೇ, ಆದರೆ ಅವಕ್ಕೆ ನೀರಿನ ಕೂಲಿಂಗ್ ಇದೆ, ಅಂದರೆ ನೋಡಿಕೊಳ್ಳಬೇಕಾದ್ದು ಇನ್ನಷ್ಟು. ಒಂದು ವಿಷಯ ಗಮನಿಸಿ: 400ಇಎಕ್ಸ್‌ಗೆ ರಿವರ್ಸ್ ಬಂದಿದ್ದು 2005ರಲ್ಲಿ. ಇಕ್ಕಟ್ಟಾದ ದಾರಿಯಲ್ಲಿ ಮರಕ್ಕೆ ಮೂಗು ತಾಗಿಸಿ ನಿಂತಾಗ ರಿವರ್ಸ್ ಇಲ್ಲದಿದ್ದರೆ ಇಳಿದು ಹಿಂದಕ್ಕೆ ಎಳೆಯಬೇಕು. ಒಂದೇ ಬೆಲೆಗೆ ಎರಡೂ ಸಿಕ್ಕರೆ 2005ರದ್ದು ಅಥವಾ ಅದರ ನಂತರದ್ದನ್ನೇ ತೆಗೆದುಕೊಳ್ಳಿ.

ಕೊಳ್ಳುವಾಗ ನೋಡಬೇಕಾದ್ದು

ಹೋಗುವ ಮುಂಚೆ ಫೋನ್ ಮಾಡಿ, "ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ ಮಾಡೋಣ" ಅನ್ನಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಯಾವುದೋ ತೊಂದರೆ ಮುಚ್ಚಿಡುತ್ತಿದ್ದಾರೆ ಅಂತಲೇ ಇಟ್ಟುಕೊಳ್ಳಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಹಳತಾಗಿದೆ ಅಂತ, ಅದರಲ್ಲಿ ಬದುಕಬಹುದು. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗು ಹೋಗಿರುವ ಸಾಧ್ಯತೆ ಹೆಚ್ಚು. ಆಗ ನಿಮ್ಮ ಬಜೆಟ್ ಅಲ್ಲಿಗೇ ಮುಗಿಯಿತು.

ನನಗೆ ತುಂಬಾ ನಂಬಿಕೆ ಇರುವ ಪರೀಕ್ಷೆ ಇನ್ನೊಂದು. ಸೀಟು ತೆಗೆದು ಏರ್ ಫಿಲ್ಟರ್ ಹೊರಗೆ ತೆಗೆಯಿರಿ. ಫಿಲ್ಟರ್‌ನಿಂದ ಕಾರ್ಬುರೇಟರ್‌ಗೆ ಹೋಗುವ ರಬ್ಬರ್ ಪೈಪಿನ ಒಳಗೆ ಬೆರಳಾಡಿಸಿ. ಬೆರಳಿಗೆ ಧೂಳು ಹತ್ತಿದರೆ ಆ ಎಂಜಿನ್ ವರ್ಷಗಟ್ಟಲೆ ಮಣ್ಣು ತಿಂದಿದೆ. ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟು ಬನ್ನಿ. ಮಾರುವವರು ಪ್ಲಾಸ್ಟಿಕ್ಕಿಗೆ ಪಾಲಿಶ್ ಹಾಕುತ್ತಾರೆ, ಈ ಪೈಪಿನ ಒಳಗೆ ಒರೆಸಿದವರನ್ನು ನಾನಂತೂ ನೋಡಿಲ್ಲ.

ಆಮೇಲೆ ಗಾಡಿಯನ್ನು ಗಟ್ಟಿ ಡಬ್ಬದ ಮೇಲೆ ಎತ್ತಿಸಿ. ಮುಂದಿನ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ: ಪ್ಲೇ (ಸಡಿಲ) ಇದ್ದರೆ ಬಾಲ್ ಜಾಯಿಂಟ್ (ಚಕ್ರದ ಕಡೆಯ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್ ಹೋಗಿದೆ. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಪ್ಲೇ ಇದ್ದರೆ ಟೈ ರಾಡ್, ಅಂದರೆ ಹ್ಯಾಂಡಲ್ಲಿನಿಂದ ಚಕ್ರ ತಿರುಗಿಸುವ ಸರಳು. ಹಿಂದಿನ ಎರಡೂ ಚಕ್ರವನ್ನು ಒಳಗೆ-ಹೊರಗೆ ತಳ್ಳಿ ನೋಡಿ, ಆಕ್ಸಲ್ ಸರಿದಾಡಬಾರದು. ಸ್ವಿಂಗ್ ಆರ್ಮ್ (ಹಿಂದಿನ ಆಕ್ಸಲ್ ಹೊತ್ತಿರುವ ತೋಳು) ಹಿಡಿದು ಪಕ್ಕಕ್ಕೆ ಎಳೆದು ನೋಡಿ. ಇವೆಲ್ಲ ಹೋಗಿದ್ದರೂ ಗಾಡಿ ಕೊಳ್ಳಬಹುದು, ಆದರೆ ಬೆಲೆಯಲ್ಲಿ ಇಳಿಸಲೇಬೇಕು. ಚಾಸಿಯಲ್ಲಿ ಬಿರುಕು ಇದೆಯಾ ಅಂತ ಶಾಕ್ ಕೂರುವ ಜಾಗ, ಫುಟ್‌ರೆಸ್ಟಿನ ಜಾಗ, ಸೀಟಿನ ಕೆಳಗಿನ ಹಿಂದಿನ ಫ್ರೇಮ್ ಎಲ್ಲ ಟಾರ್ಚ್ ಹಾಕಿ ನೋಡಿ. ಒಂದೇ ಕಡೆ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ.

ಕಾಗದ ಪತ್ರದ ವಿಷಯ ಚಿಕ್ಕದು, ಆದರೆ ಬಿಡಬೇಡಿ. ಒಹಾಯೋದಲ್ಲಿ ಎಟಿವಿಗೂ ಟೈಟಲ್ (ಒಡೆತನದ ಕಾಗದ) ಬೇಕು. ಟೈಟಲ್‌ನಲ್ಲಿರುವ ನಂಬರು ಚಾಸಿಯ ಮೇಲಿನ ನಂಬರಿಗೆ ಹೊಂದಬೇಕು. ಕಾಗದ ಇಲ್ಲದ ಗಾಡಿ ಎಷ್ಟು ಅಗ್ಗವಾದರೂ ಬೇಡ. ನನ್ನದಕ್ಕೆ 1,800 ಡಾಲರ್ ಕೊಟ್ಟೆ.

ಮೊದಲ ವಾರಾಂತ್ಯ: ತೊಳೆಯುವುದು, ಆಯಿಲ್, ಟ್ಯಾಪೆಟ್

ಮೊದಲು ಸರ್ವಿಸ್ ಮ್ಯಾನ್ಯುವಲ್ ತೆಗೆದುಕೊಳ್ಳಿ. ಯಾವ ಬೋಲ್ಟಿಗೆ ಎಷ್ಟು ಟಾರ್ಕ್ (ಬಿಗಿಯುವ ಬಲ) ಅನ್ನೋದು ಅದರಲ್ಲಿ ಮಾತ್ರ ಸರಿಯಾಗಿರುತ್ತದೆ. ಆಮೇಲೆ ಗಾಡಿ ತೊಳೆಯಿರಿ. ಪ್ರೆಶರ್ ನೀರನ್ನು ಬೇರಿಂಗ್, ಕಾರ್ಬುರೇಟರ್, ಏರ್ ಬಾಕ್ಸ್ ಕಡೆಗೆ ಬಿಡಬೇಡಿ, ಸೀಲು ದಾಟಿ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ತೊಳೆಯುವಾಗಲೇ ಅರ್ಧ ತೊಂದರೆಗಳು ಕಣ್ಣಿಗೆ ಬೀಳುತ್ತವೆ.

400ಇಎಕ್ಸ್‌ನಲ್ಲಿ ಆಯಿಲ್ ವಿಷಯ ಸ್ವಲ್ಪ ಬೇರೆ. ಇದು ಡ್ರೈ ಸಂಪ್. ಆಯಿಲ್ ನಿಲ್ಲುವುದು ಎಂಜಿನ್ ತಳದಲ್ಲಲ್ಲ, ಬೇರೆ ಟ್ಯಾಂಕಿನಲ್ಲಿ. ಹಾಗಾಗಿ ಬದಲಿಸುವಾಗ ಎರಡು ಕಡೆ ಖಾಲಿ ಮಾಡಬೇಕು, ಟ್ಯಾಂಕಿನದೊಂದು, ಎಂಜಿನ್ನಿನದೊಂದು. ಮಟ್ಟ ನೋಡುವಾಗ ಎಂಜಿನ್ ಕೆಲವು ನಿಮಿಷ ಓಡಿಸಿ, ನಿಲ್ಲಿಸಿದ ಕೂಡಲೇ ನೋಡಬೇಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ನಿಧಾನಕ್ಕೆ ಎಂಜಿನ್ ಕಡೆ ಇಳಿದಿರುತ್ತದೆ. ಬೆಳಿಗ್ಗೆ ಕಡ್ಡಿ ಅದ್ದಿ ನೋಡಿ "ಕಡಿಮೆ ಇದೆ" ಅಂತ ಸುಮ್ನೆ ಸುರಿದು, ಕೊನೆಗೆ ಅದು ಜಾಸ್ತಿಯಾಗಿ ಏರ್ ಬಾಕ್ಸಿಗೆ ಉಕ್ಕುವುದು ತುಂಬಾ ಕಾಮನ್ ತಪ್ಪು. ಹಾಕಬೇಕಾದ್ದು 10ಡಬ್ಲ್ಯು-40, ಡಬ್ಬದ ಮೇಲೆ ಜಾಸೋ ಎಂಎ (ಬೈಕ್ ಆಯಿಲ್ಲಿನ ಗುಣಮಟ್ಟದ ಗುರುತು) ಅಂತ ಇರಲಿ. ಕ್ಲಚ್ ಪ್ಲೇಟುಗಳು ಇದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಇಂಧನ ಉಳಿಸುತ್ತದೆ ಅಂತ ಬರೆದಿರುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಇನ್ನು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ಬಿಟ್ಟು ಬೆಳಿಗ್ಗೆ ಮಾಡಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ, ಸ್ಪಾರ್ಕ್ ಪ್ಲಗ್ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಟಿ ಗುರುತು ಕಿಂಡಿಗೆ ನೇರ ಬಂದಾಗ ರಾಕರ್ ನಾಲ್ಕೂ ಸ್ವಲ್ಪ ಸಡಿಲ ಇರಬೇಕು. ಬಿಗಿ ಇದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಇನ್‌ಟೇಕ್ ಎರಡಕ್ಕೆ 0.10 ಮಿಲಿಮೀಟರ್, ಎಕ್ಸಾಸ್ಟ್ ಎರಡಕ್ಕೆ 0.12. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬಾರದು, ಸ್ವಲ್ಪ ಹಿಡಿದು ಹಿಡಿದು ಬರಬೇಕು. ಸ್ಕ್ರೂ ಹಿಡಿದುಕೊಂಡೇ ನಟ್ಟು ಬಿಗಿಮಾಡಿ, ಮತ್ತೆ ಒಂದು ಸಲ ಅಳೆಯಿರಿ, ನಟ್ಟು ಬಿಗಿಯುವಾಗ ಅಳತೆ ಬದಲಾಗಿರುತ್ತದೆ. ನನ್ನ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತಿದ್ದದ್ದು ಈ ಒಂದೇ ಕೆಲಸಕ್ಕೆ ನಿಂತುಹೋಯಿತು. ಖರ್ಚು ಸೊನ್ನೆ.

ಏರ್ ಫಿಲ್ಟರ್ ಸ್ಪಂಜಿನದು. ತೊಳೆದು ಒಣಗಿಸಿ ಫಿಲ್ಟರ್ ಆಯಿಲ್ ಹಚ್ಚಿ. ಮುಟ್ಟಿದರೆ ಪುಡಿ ಉದುರುತ್ತಿದ್ದರೆ ಬಿಸಾಡಿ ಹೊಸದು ಹಾಕಿ. ಆಯಿಲ್, ಆಯಿಲ್ ಫಿಲ್ಟರ್, ಪ್ಲಗ್, ಏರ್ ಫಿಲ್ಟರ್ ಸೇರಿ ನನಗೆ 60 ಡಾಲರ್ ಆಯಿತು.

ಕಾರ್ಬುರೇಟರ್

ನಿಂತು ನಿಂತು ಹಾಳಾದ ಗಾಡಿಗಳ ಕಾಯಿಲೆ ಹೆಚ್ಚಾಗಿ ಇಲ್ಲೇ ಇರುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10 ಎಥನಾಲ್ ಇರುತ್ತದೆ, ಚಳಿಗಾಲ ಪೂರ್ತಿ ನಿಂತರೆ ಒಳಗೆ ಅಂಟು ಕಟ್ಟುತ್ತದೆ. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ ಅಂದರೆ ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕಟ್ಟಿದೆ ಅಂತ ತೊಂಬತ್ತು ಪಾಲು ಹೇಳಬಹುದು. ಅದರ ತೂತು ಕೂದಲೆಳೆಯಷ್ಟು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ದುಂಡಗೆ ಬೆಳಕು ಕಾಣಬೇಕು. ಕ್ಲೀನರ್ ಹೊಡೆದು ನೆನೆಸಿ, ವೈರಿನ ಒಂದು ತಾಮ್ರದ ಎಳೆ ತೆಗೆದುಕೊಂಡು ಮೆತ್ತಗೆ ಚುಚ್ಚಿ. ಉಕ್ಕಿನ ಸೂಜಿ ಬೇಡ, ಹಿತ್ತಾಳೆ ಜೆಟ್ಟಿನ ತೂತು ದೊಡ್ಡದಾಗುತ್ತದೆ. ಹಳೆಯ ಪೆಟ್ರೋಲ್ ಪೈಪು ಮತ್ತು ಗ್ಯಾಸ್ಕೆಟ್ ಬದಲಿಸಿಬಿಡಿ, 30 ಡಾಲರ್ ಕೆಲಸ. ಮುಂದಕ್ಕೆ, ಎರಡು ಮೂರು ವಾರ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರಿನ ಕೆಳಗಿನ ಸ್ಕ್ರೂ ಬಿಚ್ಚಿ, ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ ಮಾಡಿ.

ದುಡ್ಡು ಹಾಕಬೇಕಾದ ಜಾಗ: ಬೇರಿಂಗು, ಬುಶ್ಶು, ಬ್ರೇಕು

ಇಲ್ಲಿ ಅವಸರ ಮಾಡಬೇಡಿ. ನನ್ನನ್ನು ಕಾಡಿನಲ್ಲಿ ಕೂರಿಸಿದ್ದು ಇದೇ ಭಾಗ.

ಹಿಂದಿನ ಆಕ್ಸಲ್ ಒಂದು ದಪ್ಪ ಕೊಳವೆಯಂಥ ಕ್ಯಾರಿಯರ್ ಒಳಗೆ ಎರಡು ಬೇರಿಂಗ್ ಮೇಲೆ ತಿರುಗುತ್ತದೆ. ಚಕ್ರ ಎತ್ತಿ, ಚೈನು ಬಿಚ್ಚಿ, ಆಕ್ಸಲ್ಲನ್ನು ಕೈಯಲ್ಲಿ ತಿರುಗಿಸಿ. ಮರಳು ಅರೆದ ಹಾಗೆ ಅನ್ನಿಸಿದರೆ ಬೇರಿಂಗ್ ಮುಗಿದಿದೆ. ಆಕ್ಸಲ್ ಹೊರಗೆ ತೆಗೆದು, ಸೀಲು ಕಿತ್ತು, ಹಳೇ ಬೇರಿಂಗನ್ನು ಒಳಗಿಂದ ಪಂಚ್ ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ಹೊಡೆದು ಹೊರಗೆ ತಳ್ಳಿ. ಹೊಸ ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡಿ, ಕ್ಯಾರಿಯರನ್ನು ಹೀಟ್ ಗನ್‌ನಲ್ಲಿ ಸ್ವಲ್ಪ ಬಿಸಿ ಮಾಡಿ, ಆಗ ಸಲೀಸಾಗಿ ಕೂರುತ್ತದೆ. ಹೊಡೆಯಲೇಬೇಕಾದರೆ ಹೊರಗಿನ ಉಂಗುರದ ಅಳತೆಯ ಸಾಕೆಟ್ ಇಟ್ಟು ಹೊಡೆಯಿರಿ. ಒಳ ಉಂಗುರಕ್ಕೆ ಏಟು ಬಿದ್ದರೆ ಹೊಸ ಬೇರಿಂಗು ಹಾಕುವಾಗಲೇ ಕೆಟ್ಟಿತು ಅಂತ ತಿಳಿಯಿರಿ.

ಆಕ್ಸಲ್‌ನ ದೊಡ್ಡ ಲಾಕ್ ನಟ್ಟುಗಳು ಎರಡು, ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ. ಇವು ಸಡಿಲವಾಗುವುದು ಹೋಂಡಾ ಸ್ಪೋರ್ಟ್ ಗಾಡಿಗಳಲ್ಲಿ ಹೊಸದೇನಲ್ಲ. ಥ್ರೆಡ್ಡಿನ ಜಿಡ್ಡೆಲ್ಲ ಬ್ರೇಕ್ ಕ್ಲೀನರ್‌ನಲ್ಲಿ ತೆಗೆದು, ಗಟ್ಟಿ ಥ್ರೆಡ್ ಲಾಕರ್ ಹಚ್ಚಿ, ಮ್ಯಾನ್ಯುವಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಎರಡು ನಟ್ಟಿಗೂ ಆಕ್ಸಲ್ಲಿಗೂ ಸೇರಿ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಪ್ರತಿ ಸಲ ಹೊರಡುವ ಮುಂಚೆ ಬಗ್ಗಿ ಗೆರೆ ನೋಡಿದರೆ ಸಾಕು, ಮುರಿದಿದ್ದರೆ ನಟ್ಟು ತಿರುಗಿದೆ.

ಸ್ವಿಂಗ್ ಆರ್ಮಿನ ಉದ್ದ ಬೋಲ್ಟು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಗ್ರೀಸ್ ಕಾಣದೆ ತುಕ್ಕು ಹಿಡಿದು ಕೂತಿರಬಹುದು. ಎರಡು ಮೂರು ದಿನ ಮೊದಲಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿರಿ. ಹೊರಬಂದ ಮೇಲೆ ಉಜ್ಜಿ, ನೀರಿಗೆ ಜಗ್ಗದ ಗ್ರೀಸ್ ತುಂಬಾ ಹಚ್ಚಿ ಹಾಕಿ. ಮುಂದೆ ಒಂದು ಬದಿಯ ಬಾಲ್ ಜಾಯಿಂಟ್‌ಗಳು ನನ್ನದರಲ್ಲಿ ಹೋಗಿದ್ದವು, 60 ಡಾಲರ್.

ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು ಡಿಸ್ಕ್ ಬ್ರೇಕ್. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಗ್ರೀಸ್ ಹಚ್ಚಿ, ಪ್ಯಾಡು ಬದಲಿಸಿ. ಹಳೇ ಬ್ರೇಕ್ ಆಯಿಲ್ ಚಹಾ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ತೆಗೆದು ಡಾಟ್ 4 ಹಾಕಿ ಏರ್ ತೆಗೆಯಿರಿ. ಪ್ಯಾಡು, ಆಯಿಲ್ ಸೇರಿ 55 ಡಾಲರ್. ಇಳಿಜಾರಿನಲ್ಲಿ ಒಂದೇ ಬೆರಳಿಗೆ ಬ್ರೇಕ್ ಹಿಡಿಯುವ ಧೈರ್ಯ ಇದ್ದರೆ ಸವಾರಿ ಪೂರ್ತಿ ಬೇರೆಯೇ ಆಗಿಬಿಡುತ್ತದೆ, ನಿಜ ಹೇಳುತ್ತಿದ್ದೇನೆ.

ಚೈನು, ಸ್ಪ್ರಾಕೆಟ್ಟು, ಟೈರು

ಕಂಪನಿಯಿಂದ ಬರುವುದು ಮುಂದೆ 15 ಹಲ್ಲು, ಹಿಂದೆ 38. ಕಾಡುದಾರಿಗೆ ಮುಂದಿನದನ್ನು 14 ಮಾಡಿ. ಗಾಡಿ ಸುಮಾರು ಶೇಕಡಾ 7ರಷ್ಟು ಕೆಳ ಗೇರಿಗೆ ಬಂದ ಹಾಗೆ. ಟಾಪ್ ಸ್ಪೀಡ್ ಅಷ್ಟೇ ಕಡಿಮೆ ಆಗುತ್ತದೆ, ಮರಗಳ ನಡುವೆ ಅದು ಯಾರಿಗೆ ಬೇಕು? ಕಲ್ಲು ಹತ್ತುವಾಗ ಕ್ಲಚ್ ಹಿಡಿದು ಹಿಡಿದು ಸುಡುವುದು ತಪ್ಪುತ್ತದೆ. ಎಂಜಿನ್ನಿಗೆ ನೂರಾರು ಡಾಲರ್ ಸುರಿದರೂ ಸಿಗದ ಬದಲಾವಣೆ ಇದು. ಚೈನು ಎರಡೂ ಸ್ಪ್ರಾಕೆಟ್ಟಿನ ಜೊತೆಗೇ ಬದಲಿಸಿ, ಹಳೇ ಹಲ್ಲು ಹೊಸ ಚೈನನ್ನು ತಿನ್ನುತ್ತದೆ. ನನಗೆ ಮೂರೂ ಸೇರಿ 95 ಡಾಲರ್.

ಚೈನು ಬಿಗಿ ಮಾಡಲು ಕ್ಯಾರಿಯರ್ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಕ್ಯಾರಿಯರನ್ನೇ ತಿರುಗಿಸಬೇಕು. ತುಕ್ಕು ಹಿಡಿದು ತಿರುಗದಿದ್ದರೆ ಸುತ್ತಿಗೆ ಏಟಿನಲ್ಲಿ ಬಲ ತೋರಿಸಬೇಡಿ, ಅದು ಎರಕದ ಅಲ್ಯೂಮಿನಿಯಂ. ಎಣ್ಣೆ ಹೊಡೆದು ಕಾಯಿರಿ. ಚೈನಿನ ಮಧ್ಯದಲ್ಲಿ ಸುಮಾರು 3 ಸೆಂಟಿಮೀಟರ್ ಆಡಲಿ. ಆಮೇಲೆ ಯಾರಾದರೂ ಗಾಡಿ ಮೇಲೆ ಕೂತಾಗ ಮತ್ತೆ ನೋಡಿ. ಸ್ವಿಂಗ್ ಆರ್ಮ್ ಮೇಲೆ ಬಂದಾಗ ಚೈನು ಬಿಗಿಯಾಗುತ್ತದೆ, ಆಗಲೂ ಸ್ವಲ್ಪ ಸಡಿಲ ಉಳಿಯಬೇಕು.

ಟೈರಿಗೆ ನಾನು 260 ಡಾಲರ್ ಕೊಟ್ಟೆ, ಇಡೀ ಪಟ್ಟಿಯಲ್ಲಿ ದೊಡ್ಡ ಖರ್ಚು ಇದೇ, ನಾಲ್ಕಕ್ಕೂ ಸೇರಿ. ಮುಂದೆ 22x7-10, ಹಿಂದೆ 20x10-9 ಮೂಲ ಅಳತೆ. ಮರಳಿನ ಪ್ಯಾಡಲ್ ಟೈರು, ರೇಸಿನ ಮೆತ್ತನೆ ಟೈರು ಎರಡೂ ಬೇಡ, ಆರು ಪ್ಲೈ (ಪದರ) ಗಟ್ಟಿ ಪಕ್ಕೆಯ ಟ್ರೇಲ್ ಟೈರು ತೆಗೆದುಕೊಳ್ಳಿ. ಹಿಂದೆ ಡಿಫರೆನ್ಷಿಯಲ್ ಇಲ್ಲ, ಎರಡೂ ಚಕ್ರ ಒಂದೇ ಆಕ್ಸಲ್ ಮೇಲೆ ಒಟ್ಟಿಗೇ ತಿರುಗುತ್ತವೆ. ಅದಕ್ಕೇ ಹಿಂದಿನ ಎರಡೂ ಟೈರಿನ ಸುತ್ತಳತೆ ಒಂದೇ ಇರಬೇಕು. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಗಾಡಿ ಒಂದೇ ಕಡೆ ಎಳೆಯುತ್ತಲೇ ಇರುತ್ತದೆ. ಟೇಪ್ ಸುತ್ತಿ ಅಳೆದು ನೋಡಿ. ಗಾಳಿ ಕಲ್ಲಿನ ದಾರಿಗೆ ನಾನು 5ರಿಂದ 6 ಪಿಎಸ್‌ಐ ಇಡುತ್ತೇನೆ. ಕಾರಿನ ಗೇಜಿನಲ್ಲಿ ಅಷ್ಟು ಕಡಿಮೆ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆಯೇ ಸಿಗುತ್ತದೆ.

ಶಾಕ್ ಮತ್ತು ರಕ್ಷಣೆ

ಹೊಸ ಶಾಕ್ ಕೊಳ್ಳಬೇಡಿ. ಆಯಿಲ್ ಸೋರದೆ ಇದ್ದರೆ ಇರುವುದನ್ನೇ ನಿಮ್ಮ ತೂಕಕ್ಕೆ ಹೊಂದಿಸಿ. ಹೆಲ್ಮೆಟ್ಟು, ಬೂಟು, ಬ್ಯಾಗು ಎಲ್ಲ ಹಾಕಿಕೊಂಡು ಕೂತಾಗ ಶಾಕ್ ಒಟ್ಟು ಎಷ್ಟು ಕುಗ್ಗಬಲ್ಲದೋ ಅದರ ಸುಮಾರು ಮೂರನೇ ಒಂದು ಭಾಗದಷ್ಟು ಗಾಡಿ ಕೆಳಗೆ ಕೂರಬೇಕು. ಅದಕ್ಕಿಂತ ಜಾಸ್ತಿ ಕೂತರೆ ಸ್ಪ್ರಿಂಗ್ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಇಡುವ ಬಿಗಿ) ಒಂದೊಂದೇ ಹಂತ ಏರಿಸಿ.

ನರ್ಫ್ ಬಾರ್ ಮಾತ್ರ ಬಿಡಲೇಬೇಡಿ. ಫುಟ್‌ರೆಸ್ಟಿನಿಂದ ಕಾಲು ಜಾರಿದರೆ ನೇರ ಹಿಂದಿನ ಟೈರಿನ ಕೆಳಗೆ ಹೋಗುತ್ತದೆ. ಎರಡು ಚಕ್ರದ ನಡುವಿನ ಆ ಜಾಗವನ್ನು ಮುಚ್ಚುವ ಕೊಳವೆ ಮತ್ತು ಪಟ್ಟಿಯ ಬಲೆ ಅದು. ಹಳೇದೇ ಸಾಕು, ನನಗೆ 70 ಡಾಲರಿಗೆ ಸಿಕ್ಕಿತು. ಇನ್ನು ಸ್ವಿಂಗ್ ಆರ್ಮ್ ಕೆಳಗೆ ಒಂದು ಅಲ್ಯೂಮಿನಿಯಂ ಸ್ಕಿಡ್ ಪ್ಲೇಟ್, 60 ಡಾಲರ್. ಹಿಂದಿನ ಸ್ಪ್ರಾಕೆಟ್ಟು ಮತ್ತು ಡಿಸ್ಕು ನೆಲಕ್ಕೆ ತುಂಬಾ ಹತ್ತಿರ ಇರುತ್ತವೆ, ಕಲ್ಲಿಗೆ ಮೊದಲು ಬಡಿಯುವುದು ಅವೇ.

ಸೈಲೆನ್ಸರ್ ಕಂಪನಿಯದ್ದೇ ಇರಲಿ. ಅದರೊಳಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರುತ್ತದೆ, ಇಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಅದಿಲ್ಲದೆ ಓಡಿಸುವ ಹಾಗಿಲ್ಲ. ನಾನು ನನ್ನ ಹೊಸ ಪೈಪು ಮಾರಿ ಹಳೆಯದನ್ನೇ ವಾಪಸ್ ಹಾಕಿದೆ. ಕಾಡಿನಲ್ಲಿ ಗಲಾಟೆ ಇಲ್ಲದೆ ಹೋಗುವುದೇ ಈಗ ನನಗೆ ಇಷ್ಟ, ಹತ್ತಿರದ ಮನೆಗಳವರಿಗೂ ಅದೇ ಬೇಕಾಗಿರುವುದು.

ಎಲ್ಲ ಕೂಡಿದರೆ 725 ಡಾಲರ್. ಒಂದೇ ತಿಂಗಳಲ್ಲಿ ಆಗದಿದ್ದರೆ ಬೇರಿಂಗ್, ಬ್ರೇಕ್, ನರ್ಫ್ ಬಾರ್ ಮೊದಲು, ಟೈರು ಆಮೇಲೆ, ಸ್ಪ್ರಾಕೆಟ್ಟು ಅದಾದ ಮೇಲೆ. ಹೆಲ್ಮೆಟ್, ಗಾಗಲ್ಸ್, ಕಾಲಿನ ಹರಡು ಮುಚ್ಚುವ ಬೂಟು ಈ ಲೆಕ್ಕದಲ್ಲಿ ಸೇರಿಲ್ಲ. ಅವು ಗಾಡಿಗಿಂತ ಮೊದಲೇ ಮನೆಯಲ್ಲಿರಬೇಕು.

ಮೊದಲ ಓಟ

ಮನೆ ಹತ್ತಿರದ ಯಾರದಾದರೂ ಜಮೀನಿನಲ್ಲಿ, ಅವರನ್ನು ಕೇಳಿಕೊಂಡು, ಒಂದು ಗಂಟೆ ಓಡಿಸಿ. ವಾಪಸ್ ಬಂದು ಪ್ರತಿ ನಟ್ಟನ್ನೂ ಪಾನಾ ಹಾಕಿ ನೋಡಿ, ಮುಖ್ಯವಾಗಿ ಚಕ್ರದ ನಟ್ಟು, ಆಕ್ಸಲ್ ಗೆರೆ, ಚೈನು, ಹ್ಯಾಂಡಲ್ ಬೋಲ್ಟು. ಹೊಸ ಚೈನು ಮೊದಲ ದಿನವೇ ಸ್ವಲ್ಪ ಸಡಿಲವಾಗುತ್ತದೆ, ಗಾಬರಿ ಬೇಡ.

ಟ್ರೇಲಿಗೆ ಹೋಗುವಾಗ ಬ್ಯಾಗಿನಲ್ಲಿ ಟೈರ್ ಪಂಚರ್ ಕಿಟ್, ಸಣ್ಣ ಪಂಪು, ಒಂದು ಪ್ಲಗ್ ಮತ್ತು ಅದರ ಸಾಕೆಟ್, ಚೈನಿನ ಮಾಸ್ಟರ್ ಲಿಂಕ್, ತಂತಿ, ಗಟ್ಟಿ ಟೇಪು, ಎಳೆಯುವ ಪಟ್ಟಿ, ಟಾರ್ಚು, ನೀರು ಇರಲಿ. ಟ್ಯಾಂಕ್ ಸುಮಾರು 10 ಲೀಟರಿನದು, ರಿಸರ್ವ್‌ಗೆ ಬಂದಾಗ ಎಷ್ಟು ಮೈಲಿ ಆಗಿತ್ತು ಅಂತ ಮೊದಲ ಸಲವೇ ಬರೆದಿಟ್ಟುಕೊಳ್ಳಿ. ಹ್ಯಾಟ್‌ಫೀಲ್ಡ್-ಮೆಕಾಯ್‌ನಲ್ಲಿ ಪರ್ಮಿಟ್ ಕೊಳ್ಳಬೇಕು, ಹೆಲ್ಮೆಟ್ ಕಡ್ಡಾಯ. 400ಇಎಕ್ಸ್ ಒಬ್ಬರಿಗೇ ಮಾಡಿದ ಗಾಡಿ, 16 ದಾಟಿದವರಿಗೆ. ಹೆಂಡತಿನೋ ಮಕ್ಕಳನ್ನೋ ಹಿಂದೆ ಕೂರಿಸಿಕೊಂಡು "ಒಂದೇ ಒಂದು ರೌಂಡ್" ಹೋಗುವುದು ಬೇಡ. ಹಿಂದೆ ತೂಕ ಬಿದ್ದರೆ ಏರಿನಲ್ಲಿ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ.

ಅಲ್ಲಿ ದಾರಿಗಳಿಗೆ ಬಣ್ಣದ ಗುರುತಿದೆ: ಹಸಿರು ಸುಲಭ, ನೀಲಿ ಅದಕ್ಕಿಂತ ಕಷ್ಟ, ಕಪ್ಪು ಇನ್ನೂ ಕಷ್ಟ. ಮೊದಲ ದಿನ ಪೂರ್ತಿ ಹಸಿರಿನಲ್ಲೇ ಇರಿ. ಬೇರಿಂಗ್ ಬದಲಿಸಿದ ಮೇಲೆ ನಾನು ಮೊದಲು ಹೋದಾಗ ಹಸಿರು ದಾರಿಯಲ್ಲೇ ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಿದೆ. ಪ್ರತಿ ಗಂಟೆಗೊಮ್ಮೆ ನಿಲ್ಲಿಸಿ ಕ್ಯಾರಿಯರ್ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಒಮ್ಮೆಯೂ ಕೈ ಸುಡಲಿಲ್ಲ, ಸಂಜೆ ಬಗ್ಗಿ ನೋಡಿದಾಗ ಬಿಳಿ ಗೆರೆ ನೇರವಾಗೇ ಇತ್ತು.